ಹನ್ನೊಂದು ಸೊನ್ನೆಗಳು

2023ರ ಆಗಸ್ಟ್ 9, ಬುಧವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ.

ಮೊಂಟೆವಿಡಿಯೊದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕುಳಿತು ಯಾಮಿಲಾ ಪರದೆಯ ಮೇಲಿನ ನಕಲಿ ಜಾಲಕ್ಕೆ, ಪರೀಕ್ಷೆಗೆಂದು, ನೂರನೆಯ ಸಲ ದಾಳಿ ಮಾಡಿದಳು. ನೂರನೆಯ ಸಲವೂ ಕಳ್ಳ ಸಿಕ್ಕಿಬಿದ್ದ.

'ಲಾ ಕಲಾಂದ್ರಿಯಾ' ಹಾಲು ಸಹಕಾರ ಸಂಘದ ಹನ್ನೊಂದು ಕೊಟ್ಟಿಗೆಗಳೂ ಅವುಗಳ ಶೀತಲ ತೊಟ್ಟಿಗಳೂ ಅವಳ ಸಿಮ್ಯುಲೇಟರಿನೊಳಗಿದ್ದವು. ತೊಟ್ಟಿಯ ಉತ್ತರ ಬರಲು ಇಪ್ಪತ್ತು ಮಿಲಿಸೆಕೆಂಡು ದಾಟಿದರೆ, ನಡುವೆ ಯಾರೋ ಕದ್ದು ಕೂತಿದ್ದಾರೆಂದು ಅವಳ ಕಾವಲು ತಂತ್ರಾಂಶ ಸಂಪರ್ಕ ಕಡಿಯುತ್ತಿತ್ತು. ಶುಕ್ರವಾರ ಅದನ್ನು ನಿಜವಾದ ಜಾಲಕ್ಕೆ ಅಳವಡಿಸಬೇಕು. ಡಾಕ್ಟರೇಟಿಗಾಗಿ ಎರಡು ವರ್ಷದ ದುಡಿಮೆ...

"ನಿಮ್ಮ ಹಸುಗಳೆಲ್ಲ ಈ ಕೋಣೇಲೇ ಕಟ್ಟಿವೆಯಾ, ಡಾಕ್ಟರಮ್ಮ?"

ಅವಳು ತಿರುಗಿದಳು. ಸಂಘದ ತಂತ್ರಜ್ಞ ಲಿಸಾಂದ್ರೊ. ಬೂಟಿನ ತುಂಬ ಕೆಸರು, ಕಣ್ಣಲ್ಲಿ ನಗು. ಆರು ತಿಂಗಳಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿಗೆ ಇಂಥ ಮುಖವೇ? ತಡಬಡಿಸಿ, ತಾನು ಕುಡಿಯುತ್ತಿದ್ದ 'ಮಾತೆ' ಎಂಬ ಎಲೆ ಕಷಾಯದ ಸೋರೆಬುರುಡೆಯನ್ನೇ ತುಂಬಿ ಅವನ ಕೈಗಿತ್ತಳು.

"ಏನು ತಪ್ಪಾಗಿದೆ?"

"ತಪ್ಪು ಅಂತಲ್ಲ. ಎಲ್ಲ ಕೊಟ್ಟಿಗೆನೂ ಪಕ್ಕದಲ್ಲೇ ಇದ್ದಂಗೆ ಉತ್ತರ ಕೊಡ್ತಿವೆ. ನಮ್ಮ ಹನ್ನೊಂದನೇದು ಗುಡ್ಡದಾಚೆ ಇದೆ."

"ನೂರು ಸಲ ಪರೀಕ್ಷೆ ಮಾಡಿದೀನಿ. ನೀವೆಷ್ಟು ಸಲ ಮಾಡಿದೀರಿ?"

ಅವನ ನಗು ಆರಿತು. ಕುಡಿದು ಬುರುಡೆ ಹಿಂತಿರುಗಿಸಿ, "ಗ್ರಾಸಿಯಾಸ್" ಎಂದ.

ಧನ್ಯವಾದವೇ; ಆದರೆ ಮಾತೆ ಕುಡಿಯುವಾಗ, ಇನ್ನು ಸಾಕು, ಮತ್ತೆ ತುಂಬಬೇಡ ಅನ್ನುವವರು ಮಾತ್ರ ಆಡುವ ಮಾತು ಅದು. ಒಂದೇ ಸುತ್ತು ಕುಡಿದು...

ಮರುದಿನ ಅವಳ ಮಾರ್ಗದರ್ಶಕಿ ಪ್ರೊಫೆಸರ್ ಒಫೆಲಿಯಾ ತಮ್ಮ ಕೋಣೆಗೆ ಕರೆದರು. "ಶುಕ್ರವಾರ ಬೇಡವಂತೆ ಕಣೆ. ಲಿಸಾಂದ್ರೊ ಮೂರು ವಾರ ಟೈಮ್ ಕೇಳಿದಾನೆ."

'ಬೆನ್ನ ಹಿಂದೆ ಹೋಗಿ ಕಡ್ಡಿ ಆಡಿಸಿದನಲ್ಲ!' ಅವನದೇ ತಪ್ಪೆಂದು ತೋರಿಸಲು ಯಾಮಿಲಾ ಅಲ್ಲೇ ಸಿಮ್ಯುಲೇಟರಿನ ಕಡತ ತೆರೆದಳು. ದಾಳಿ ಸರಿಯಿತ್ತು. ಕಾವಲು ಸರಿಯಿತ್ತು. ಕೊಟ್ಟಿಗೆಗಳ ಸಂಪರ್ಕದ ಸಾಲುಗಳಿಗೆ ಬಂದಾಗ ಬೆರಳು ನಿಂತಿತು.

ಸಿಮ್ಯುಲೇಟರಿನಲ್ಲಿ ಸಂಪರ್ಕದ ಗೆರೆ ಎಳೆದರೆ ಉತ್ತರದ ವಿಳಂಬ ತಾನಾಗಿಯೇ ಸೊನ್ನೆ. ನಿಜವಾದ ಅಳತೆ ತುಂಬಬೇಕಾದವಳು ಅವಳು. ಕಳ್ಳನಿಗೆ ಮಾತ್ರ ತುಂಬಿದ್ದಳು. ಉಳಿದದ್ದು ಹನ್ನೊಂದು ಸಾಲು, ಹನ್ನೊಂದು ಸೊನ್ನೆ. ಶುಕ್ರವಾರ ಅಳವಡಿಸಿದ್ದರೆ, ದೂರದಿಂದ ತಡವಾಗಿ ಉತ್ತರಿಸುವ ಗುಡ್ಡದಾಚೆಯ ತೊಟ್ಟಿಯನ್ನೇ ಕಾವಲು ಕಳ್ಳನೆಂದು ಕಡಿಯುತ್ತಿತ್ತು; ತಂಪು ತಪ್ಪಿ ಹಾಲೆಲ್ಲ ಒಡೆಯುತ್ತಿತ್ತು.

ಒಫೆಲಿಯಾ ಲಿಸಾಂದ್ರೊನ ಪತ್ರವನ್ನು ಅವಳತ್ತ ಸರಿಸಿದರು. ಅದರಲ್ಲಿ ಹೀಗಿತ್ತು: "ಅವರ ಕಾವಲು ಚೆನ್ನಾಗಿದೆ, ತಿರಸ್ಕರಿಸಬೇಡಿ. ದೂರದ ಲೆಕ್ಕವೊಂದು ಸೇರಬೇಕು. ಅಳೆದುಕೊಡಲು ನಾನಿದ್ದೇನೆ."

ಯಾಮಿಲಾ ಪತ್ರವನ್ನು ಎರಡು ಸಲ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡಳು.

ಶನಿವಾರ ಬೆಳಿಗ್ಗೆ ಬಸ್ಸು ಹಿಡಿದು ಗುಡ್ಡದಾಚೆ ಇಳಿದಳು. ಹನ್ನೊಂದನೆಯ ಕೊಟ್ಟಿಗೆಯನ್ನು ಜಾಲಕ್ಕೆ ಸೇರಿಸುವ ರೇಡಿಯೊ ಗೋಪುರದಿಂದ ಲಿಸಾಂದ್ರೊ ಇಳಿಯುತ್ತಿದ್ದ.

"ಇಷ್ಟು ದೂರ ಬಂದ್ರಾ? ಫೋನ್ ಮಾಡಿದ್ರೆ ಸಾಕಿತ್ತಲ್ಲ."

"ಫೋನಲ್ಲಿ ಎಲ್ಲರೂ ಪಕ್ಕದಲ್ಲೇ ಇದ್ದಂಗೆ ಅನ್ಸುತ್ತೆ. ಅದೇ ನನ್ನ ತಪ್ಪು. ಕ್ಷಮಿಸಿ."

ಅವನು ಕೈಯ ಗ್ರೀಸ್ ಒರೆಸಿಕೊಂಡ. "ನಂದೂ ಒಂದು ತಪ್ಪಿದೆ. ನಿಮ್ಮ ಫೋನ್ ಬರಲಿ ಅಂತ, ಸರಿ ಇರೋ ರೇಡಿಯೊನೂ ಕೆಟ್ಟಿದೆ ಅಂತಿದ್ದೆ... ಆರು ತಿಂಗಳಿಂದ."

ಅವಳು ಚೀಲದಿಂದ ಬುರುಡೆ ತೆಗೆದು ಮಾತೆ ತುಂಬಿ ಕೊಟ್ಟಳು. ಅವನು ಕುಡಿದು ಬುರುಡೆ ಹಿಂತಿರುಗಿಸಿದ. ಗ್ರಾಸಿಯಾಸ್ ಎನ್ನಲಿಲ್ಲ. ಅವಳು ಮತ್ತೆ ತುಂಬಿದಳು.

"ಅಳೆಯೋಣ್ವಾ, ಡಾಕ್ಟರಮ್ಮ?"

"ಯಾಮಿಲಾ ಅನ್ನು."

"ಅಳೆಯೋಣ್ವಾ, ಯಾಮಿಲಾ?"

ಅವಳು ಅವನ ಭುಜಕ್ಕೊರಗಿ ಅಳತೆಯ ಗುಂಡಿ ಒತ್ತಿದಳು. ಸಂದೇಶ ಸಂಘದ ಕಚೇರಿ ಮುಟ್ಟಿ ಮರಳಿತು: ಸೊನ್ನೆಯಲ್ಲ, 47 ಮಿಲಿಸೆಕೆಂಡು.