ಎಡಕ್ಕೆ ಸರಿಯುವ ಪಟ್ಟಿ

ತೀರಿಹೋದ ಅಕ್ಕನ ಲ್ಯಾಪ್‌ಟಾಪನ್ನು ಭಾವ, ಅವರ ಮನೆಯಲ್ಲೇ ಇದ್ದು ಓದುತ್ತಿದ್ದ ನನಗೆ ಕೊಟ್ಟರು. ಹಳೆಯದೇನೂ ಉಳಿಯದಂತೆ ಹೊಸ ಡಿಸ್ಕ್ ಹಾಕಿಸಿ, ಮೊದಲ ಸಲ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡಿ, ಮೆನು ಪಟ್ಟಿಯನ್ನು ಪರದೆಯ ಕೆಳಗಿಟ್ಟು, ಅಕ್ಷರ ಸಣ್ಣದು ಮಾಡಿಕೊಂಡೆ. ಸ್ನಾನ ಮುಗಿಸಿ ಬಂದರೆ ಪಟ್ಟಿ ಎಡಕ್ಕೆ ಸರಿದಿತ್ತು, ಅಕ್ಷರ ದೊಡ್ಡದಾಗಿತ್ತು. ಬಲಗಣ್ಣು ಕಾಣದ ಅಕ್ಕ ಹೀಗೇ ಇಟ್ಟುಕೊಳ್ಳುತ್ತಿದ್ದಳು.

“ವಾಪಸ್ ಬೇಕಿದ್ರೆ ನೇರ ಕೇಳಿ ಭಾವ, ಈ ಆಟ ಯಾಕೆ?”

“ನಂಗೆ ಅದನ್ನ ಆನ್ ಮಾಡೋಕೇ ಬರಲ್ಲ ಕಣೋ. ನೀನೇ ಏನೋ ಒತ್ತಿರ್ತೀಯ.”

ನಂಬಲಿಲ್ಲ. ಪಟ್ಟಿಯನ್ನು ಮತ್ತೆ ಕೆಳಗಿಟ್ಟು, ಅಕ್ಷರ ಸಣ್ಣದು ಮಾಡಿ, ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು, ಅದರ ಬ್ಯಾಟರಿ, ಚಾರ್ಜರ್ ಎರಡನ್ನೂ ಬ್ಯಾಗಿಗೆ ತುಂಬಿಕೊಂಡು ಕಾಲೇಜಿಗೆ ಹೋದೆ.

ಸಂಜೆ ಭಾವನ ಎದುರೇ ತೆರೆದೆ. ಬ್ಯಾಟರಿ ಇನ್ನೂ ಬ್ಯಾಗಿನಲ್ಲಿತ್ತು, ಆದರೂ ಎಡ ಅಂಗೈ ಊರುವ ಜಾಗ ಬೆಚ್ಚಗಿತ್ತು. ಭಾವನೂ ಮುಟ್ಟಿ ನೋಡಿದರು; ಕೈ ತೆಗೆಯಲಿಲ್ಲ. ಬ್ಯಾಟರಿ ಹಾಕಿ ಆನ್ ಮಾಡಿದಾಗ ಪಟ್ಟಿ ಎಡಕ್ಕಿತ್ತು.

“ಅದನ್ನ ಇನ್ನು ಸರಿಸ್ಬೇಡ,” ಎಂದರು.