ಉಪ್ಪುನೀರಿನ ಟ್ರೇ

ಹರ್ನಿಯಾ ಆಪರೇಷನ್ ಮುಗಿದು ಹುಡುಗಿ ಕಣ್ಣು ಬಿಟ್ಟಿದ್ದಳು. ಅಮ್ಮನ ಹತ್ತಿರ ನೀರೂ ಕೇಳಿದ್ದಳು. ಸಂಜೆಗೆ ಮನೆ. ಅಷ್ಟರಲ್ಲಿ ಮತ್ತೆ ಮಲಗಿದವಳ ತುಟಿ ನೀಲಿಗಟ್ಟಿತು. ಉಸಿರೇ ಇಲ್ಲ.

ಅರಿವಳಿಕೆ ಡಾಕ್ಟರಮ್ಮ ಓಡಿ ಬಂದು ಮಾಸ್ಕ್ ಒತ್ತಿ ಉಸಿರು ಕೊಟ್ಟಳು. ರೆಪ್ಪೆ ಎತ್ತಿದರೆ ಕಣ್ಣುಪಾಪೆ ಸಾಸಿವೆ ಕಾಳಿನಷ್ಟಿದೆ. ನೋವು ಕೊಲ್ಲುವ ಮಾರ್ಫಿನ್ ಜಾತಿಯ ಮದ್ದಿನ ಕೆಲಸ ಇದು. ಈ ಮಗುವಿಗೆ ಅದನ್ನು ಕೊಟ್ಟೇ ಇರಲಿಲ್ಲವಲ್ಲ! ಅದನ್ನು ಇಳಿಸುವ ಇಂಜೆಕ್ಷನ್ ಹಾಕಿದ ಮೇಲೆ ಹುಡುಗಿ ಉಸಿರಾಡಿದಳು. ಆದರೆ ಆ ಇಂಜೆಕ್ಷನ್ನಿನ ಬಲ ಬೇಗ ಇಳಿಯುತ್ತದೆ. ಒಳಗೆ ಹೋದದ್ದು ಯಾವುದು, ಎಷ್ಟು ಎಂದು ತಿಳಿಯದಿದ್ದರೆ ಮಗು ಮತ್ತೆ ಕೈತಪ್ಪಬಹುದು.

* * *

ಮೊದಲು ಎಲ್ಲರ ಕಣ್ಣು ಬಿದ್ದದ್ದು ಹುಡುಗಿಯ ಮಂಚದ ಪಕ್ಕ ಕೂತಿದ್ದ ಅಜ್ಜಿಯ ಮೇಲೆ. ಏನು ಕುಡಿಸಿದಿರಿ ಎಂದು ಸೊಸೆ, ಹುಡುಗಿಯ ಅಮ್ಮ, ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಪಾಪ, ಅಜ್ಜಿ ಕೈಚೀಲವನ್ನೇ ಬೋರಲು ಹಾಕಿ ತೋರಿಸಿದರು. ಒಂದು ಗುಟುಕೂ ಕೊಟ್ಟಿಲ್ಲ ಎಂದು ಅತ್ತರು.

ಹಾಗಾದರೆ ಡ್ರಿಪ್‌ಗೆಂದು ಕೈಗೆ ಚುಚ್ಚಿಟ್ಟ ಸೂಜಿಯಿಂದಲೇ ಹೋಗಿರಬೇಕು. ಸೂಜಿ ಕಟ್ಟಿಕೊಳ್ಳದಿರಲಿ ಅಂತ ಟ್ರೇಯಲ್ಲಿದ್ದ ಉಪ್ಪುನೀರು ಹಾಕಿದ್ದೆ, ದಿನಾ ಮಾಡೋ ಕೆಲಸ ಎಂದಳು ನರ್ಸ್. ಆ ಸಿರಿಂಜುಗಳನ್ನು ತುಂಬಿ ಚೀಟಿ ಅಂಟಿಸಿಡುವವನು ಟೆಕ್ನೀಷಿಯನ್. ಬರೀ ಉಪ್ಪುನೀರು, ಬೇಕಾದರೆ ಆಣೆ ಮಾಡ್ತೀನಿ ಎಂದ.

ಇಬ್ಬರಲ್ಲಿ ಒಬ್ಬರು. ಪೊಲೀಸರು ಬರುವ ತನಕ ಕಾಯುವ ಹಾಗಿರಲಿಲ್ಲ.

* * *

ಸೂಜಿ ಮತ್ತೆ ಕಟ್ಟಿಕೊಂಡಿದೆ, ಅದೇ ಟ್ರೇಯಿಂದ ಒಂದು ಸಿರಿಂಜು ಕೊಡಿ ಎಂದು ಡಾಕ್ಟರಮ್ಮ ಕೇಳಿದಳು. ನರ್ಸ್ ತಟ್ಟನೆ ಕೊಟ್ಟಳು. ಅದನ್ನು ಮಗುವಿನ ಕೈಯ ಸೂಜಿಗೆ ಹಿಡಿಯುವಷ್ಟರಲ್ಲಿ ಟೆಕ್ನೀಷಿಯನ್ ನುಗ್ಗಿ ಬಂದು ಡಾಕ್ಟರಮ್ಮನ ಮಣಿಕಟ್ಟು ಹಿಡಿದ.

"ಬೇಡ ಮೇಡಂ. ಮದ್ದಿನ ಸಿರಿಂಜು ಎರಡು ಇಟ್ಟಿದ್ದೆ. ಇನ್ನೊಂದು ಆ ಟ್ರೇಯಲ್ಲೇ ಇದೆ."

"ಯಾವ ಮದ್ದು? ಎಷ್ಟು?"

ಹೇಳಿದ. ಮಾರ್ಫಿನ್. ಅಳತೆಯನ್ನೂ ಹೇಳಿದ. ಡಾಕ್ಟರಮ್ಮ ಅಲ್ಲಿಂದಲೇ ಇಳಿಸುವ ಮದ್ದನ್ನು ಡ್ರಿಪ್‌ನಲ್ಲಿ ಶುರು ಮಾಡಿಸಿ ಅವನ ಕಡೆ ತಿರುಗಿದಳು.

"ಸಿಸ್ಟರ್‌ಗೆ ಗೊತ್ತಿದ್ದಿದ್ರೆ ಕೊಡೋಕೆ ಕೈ ಬರ್ತಿರಲಿಲ್ಲ. ನಿನಗೆ ಗೊತ್ತಿತ್ತು. ಇದು ನಾನೇ ಈಗ ತುಂಬಿಟ್ಟಿದ್ದು, ಬರೀ ಉಪ್ಪುನೀರು. ಹಳೆಯದನ್ನೆಲ್ಲ ಪೊಲೀಸರಿಗೆ ಅಂತ ಎತ್ತಿಟ್ಟಿದ್ದೀನಿ."

ಮಕ್ಕಳಿಗೆ ಬೇಕಾಗುವುದು ಒಂದೆರಡು ಹನಿಯಷ್ಟು. ಉಳಿದ ಮಾರ್ಫಿನ್ನನ್ನು ಇಬ್ಬರ ಎದುರು ಚೆಲ್ಲಬೇಕು. ಬೆಳಗ್ಗೆ ಬೇರೆ ಮಕ್ಕಳ ಆಪರೇಷನ್ನಿನ ಗಡಿಬಿಡಿಯಲ್ಲಿ ಚೆಲ್ಲಿದನೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ. ಇವನು ಚೆಲ್ಲಲೂ ಇಲ್ಲ. ಮಾರಿಕೊಳ್ಳಲು ಸಿರಿಂಜಿಗೆ ಎಳೆದುಕೊಂಡ. ಯಾರೋ ಬಂದ ಸದ್ದಾದಾಗ ಉಪ್ಪುನೀರಿನ ಚೀಟಿ ಅಂಟಿಸಿ ಟ್ರೇಯಲ್ಲಿ ಅಡಗಿಸಿದ. ಆಮೇಲೆ ನರ್ಸ್ ಟ್ರೇ ಬಿಟ್ಟು ಕದಲಲೇ ಇಲ್ಲ, ಅವನಿಗೆ ಅದನ್ನು ತೆಗೆಯಲು ಆಗಲಿಲ್ಲ.

ಅವನು, ಮಗು ಉಳಿಯುತ್ತಾ ಎಂದು ಕೇಳಿದ.

"ಉಳೀತಾಳೆ. ನೀನು ಬಾಯಿ ಬಿಟ್ಟಿದ್ದಕ್ಕಲ್ಲ, ನಾನು ಬಿಡಿಸಿದ್ದಕ್ಕೆ. ಆ ಅಜ್ಜಿ ಅಳೋವಾಗ ಪಕ್ಕದಲ್ಲೇ ನಿಂತಿದ್ದೆಯಲ್ಲೋ!"

ಸೊಸೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು.