ಇಪ್ಪತ್ತೊಂದು ಕ್ಯಾಪ್ಸೂಲು

ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡು ಮಂಗಳೂರಿನಿಂದ ಬಸರೀಕಟ್ಟೆಗೆ ವಾಪಸಾದ ದಿನ ಡಾಕ್ಟರ್ ಸೋಮನಾಥ್ ಹೆಂಡತಿ ಸುಮಿತ್ರಮ್ಮನಿಗೆ ಹೇಳಿದರು: "ಡ್ರೆಸ್ಸಿಂಗಿಗೆ ಬೇರೆ ಯಾರೂ ಬೇಡ. ಮಂಜಪ್ಪನೇ ಮಾಡ್ಲಿ. ಅವನಷ್ಟು ಶುದ್ಧ ಕೈ ಈ ತಾಲೂಕಲ್ಲೇ ಇಲ್ಲ."

ಕಾಂಪೌಂಡರ್ ಮಂಜಪ್ಪ ಎಂಟು ವರ್ಷದಿಂದ ಕಾದಿದ್ದ ಮಾತು ಅದು. ಬಂದದ್ದು ಮಂಚದ ಮೇಲೆ ಮಲಗಿಕೊಂಡು, ಸುಮಿತ್ರಮ್ಮ ಒಬ್ಬರೇ ಕೇಳುವ ಹಾಗೆ. ಬೇಕಾಗಿದ್ದದ್ದು ಬಸ್‌ಸ್ಟ್ಯಾಂಡಿನ ಎದುರು, ನೂರು ಜನರ ಮುಂದೆ.

ತೊಂಬತ್ತೆಂಟರಲ್ಲಿ ಎಸ್ಟೇಟಿನ ಬೂತಪ್ಪನ ಆರು ವರ್ಷದ ಮಗಳಿಗೆ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟ ಜಾಗ ಕೀವಾಗಿ, ನಂಜು ಮೈಗೆಲ್ಲ ಏರಿ, ಹದಿಮೂರನೇ ದಿನ ಮಗು ತೀರಿಕೊಂಡಿತ್ತು. ಗಾಜಿನ ಸಿರಿಂಜಿನ ಕಾಲ. ಆ ದಿನ ಡಾಕ್ಟರಿಗೆ ಕ್ಲಬ್ಬಿನ ಊಟಕ್ಕೆ ಹೊತ್ತಾಗಿತ್ತು. "ಸಾರ್, ನೀರು ಇನ್ನೂ ಕುದ್ದಿಲ್ಲ" ಎಂದು ಮಂಜಪ್ಪ ಅನ್ನುತ್ತಿದ್ದ ಹಾಗೆಯೇ ಅವರು ಇಕ್ಕಳದಲ್ಲಿ ಸಿರಿಂಜನ್ನು ಎತ್ತಿಕೊಂಡಿದ್ದರು. ಮಗು ಸತ್ತ ಮೇಲೆ ಕ್ಲಿನಿಕ್ಕಿನ ಮೆಟ್ಟಿಲಿಗೆ ಜನ ಬಂದಾಗ ಒಂದೇ ಮಾತು ಆಡಿದರು: "ಕುದಿಸೋದು ಕಾಂಪೌಂಡರ್ ಕೆಲಸ."

ಬೂತಪ್ಪ ಹೊಡೆದ ಏಟು ಒಂದು ವಾರದಲ್ಲಿ ಮಾಸಿತು. 'ಕೊಳೆಕೈ ಮಂಜಪ್ಪ' ಅನ್ನುವ ಹೆಸರು ಮಾಸಲಿಲ್ಲ. ಹೆಂಡತಿ ವೆಂಕಮ್ಮ ಮದುವೆಮನೆಯಲ್ಲಿ ಬಡಿಸಲು ಸೌಟು ಹಿಡಿದರೆ ಯಾರಾದರೂ ನಯವಾಗಿ ಅದನ್ನು ಇಸಿದುಕೊಳ್ಳುತ್ತಿದ್ದರು. ಡಾಕ್ಟರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಅದನ್ನು ಊರು ಅವರ ದೊಡ್ಡ ಗುಣ ಎಂದು ಹೊಗಳಿತು. ಮಂಜಪ್ಪ ಆ ಹೊಗಳಿಕೆಯನ್ನೂ ಎಂಟು ವರ್ಷ ಕೇಳಿಸಿಕೊಂಡ, ದಿನಕ್ಕೆ ಇಪ್ಪತ್ತು ಸಲ ಸೋಪು ಹಚ್ಚಿ ಕೈ ತೊಳೆಯುತ್ತ.

ಈಗ ಡಾಕ್ಟರಿಗೆ ಅರವತ್ತೊಂಬತ್ತು. ಮೈಯಲ್ಲಿ ಸಕ್ಕರೆ ಕಾಯಿಲೆ. ಎಡಗಡೆ ಕೊರಳೆಲುಬಿನ ಕೆಳಗೆ ಚರ್ಮದೊಳಗೊಂದು ಸಣ್ಣ ಲೋಹದ ಡಬ್ಬಿ, ಅದರಿಂದ ಹೊರಟು ಹೃದಯದೊಳಕ್ಕೆ ಇಳಿದ ತಂತಿ. ಆ ಜಾಗಕ್ಕೆ ನಂಜು ಹತ್ತಿದರೆ ಅದು ಬರಿಯ ಹುಣ್ಣಲ್ಲ, ತಂತಿ ಹಿಡಿದು ನೇರ ಹೃದಯಕ್ಕೆ ಇಳಿಯುತ್ತದೆ ಎಂದು ಡಾಕ್ಟರೇ ಅವನಿಗೆ ಬಿಡಿಸಿ ಹೇಳಿದ್ದರು. "ಗಾಯ ಒದ್ದೆ ಆಗಬಾರದು. ಗಾಯಕ್ಕೆ ಕಟ್ಟೋ ಬಟ್ಟೆ ಶುದ್ಧ ಇರಬೇಕು. ಏಳು ದಿನ, ದಿನಕ್ಕೆ ಮೂರು ಕ್ಯಾಪ್ಸೂಲು. ಕ್ಲಿನಿಕ್ಕಿನ ನಮ್ಮ ದೊಡ್ಡ ಡಬ್ಬಿಯಿಂದಲೇ ಇಪ್ಪತ್ತೊಂದು ಎಣಿಸಿ ತಾ. ಎಂತ ಯೋಚನೆ ಮಾರಾಯ?"

"ಏನಿಲ್ಲ ಸಾರ್" ಎಂದ ಮಂಜಪ್ಪ.

ಯೋಚನೆ ಆಗಲೇ ಪೂರ್ತಿಯಾಗಿತ್ತು. ಇಷ್ಟು ವರ್ಷದಲ್ಲಿ ಅವನು ಸಿಟ್ಟಿನಿಂದ ನೂರು ಸಲ ಡಾಕ್ಟರನ್ನು ಕೊಂದಿದ್ದ. ಅವೆಲ್ಲ ಪೆದ್ದ ಕೊಲೆಗಳು, ವಿಷ, ಕತ್ತಿ, ಸಿಕ್ಕಿಬೀಳುವಂಥವು. ಇದು ಹಾಗಲ್ಲ. ಇಲ್ಲಿ ಏನನ್ನೂ ಹಾಕಬೇಕಾಗಿರಲಿಲ್ಲ, ತೆಗೆದರೆ ಸಾಕಿತ್ತು. ಕ್ಯಾಪ್ಸೂಲಿನೊಳಗಿನ ಔಷಧಿ ತೆಗೆಯುವುದು. ಗಾಯಕ್ಕೆ ಕಟ್ಟುವ ಬಟ್ಟೆ ಬೇಯಿಸುವ ಸ್ಟೆರಿಲೈಜರಿನಲ್ಲಿ ಇಪ್ಪತ್ತು ನಿಮಿಷದ ಬದಲು ಐದೇ ನಿಮಿಷಕ್ಕೆ ಉರಿ ಆರಿಸುವುದು. ತಾನು ಮಾಡದ ತಪ್ಪನ್ನೇ ಈಗ ಅಳತೆ ಹಿಡಿದು ಮಾಡುತ್ತಿದ್ದೇನೆ ಅನ್ನಿಸಿದಾಗ ಮಂಜಪ್ಪನಿಗೆ ಒಂದು ಬಗೆಯ ನೆಮ್ಮದಿಯಾಯಿತು. ಶಿಕ್ಷೆಯಂತೂ ಮೊದಲೇ ಅನುಭವಿಸಿ ಆಗಿತ್ತಲ್ಲ.

ಮಧ್ಯಾಹ್ನ ವೆಂಕಮ್ಮ ಸಂಘದ ಮೀಟಿಂಗಿಗೆ ಹೋದ ಹೊತ್ತಿನಲ್ಲಿ ಮನೆಯ ಬಾಗಿಲು ಹಾಕಿಕೊಂಡು ಕೂತ. ಕೆಂಪು ಟೋಪಿ ಹಳದಿ ಮೈಯ ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಬಿಚ್ಚಿದ. ಪುಡಿಯನ್ನು ಕಕ್ಕಸಿನಲ್ಲಿ ಸುರಿದು ನೀರು ಹೊಯ್ದ. ನುಣ್ಣಗೆ ಜರಡಿ ಹಿಡಿದ ಅಕ್ಕಿಹಿಟ್ಟನ್ನು ತುಂಬಿ, ಟೋಪಿ ಒತ್ತಿ, ಒಣ ಬಟ್ಟೆಯಲ್ಲಿ ಒರೆಸಿ, ಕಂದು ಬಣ್ಣದ ಬಾಟಲಿಗೆ ಹಾಕಿದ. ಸಂಜೆ ಬಾಟಲಿಯನ್ನು ಡಾಕ್ಟರ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟಾಗ ಸುಮಿತ್ರಮ್ಮ ಕಾಫಿ ತಂದುಕೊಟ್ಟು, "ನೀವಿಲ್ಲದಿದ್ರೆ ನಮ್ಮ ಗತಿ ಎಂತ ಮಂಜಪ್ಪ" ಎಂದರು. ಆ ಮನೆಯಲ್ಲಿ ಅವನಿಗೆ ಎಂಟು ವರ್ಷದಿಂದ ಸ್ಟೀಲಿನ ಲೋಟ, ಉಳಿದವರಿಗೆ ಪಿಂಗಾಣಿ ಕಪ್ಪು. ಅಂದು ಅವನಿಗೂ ಕಪ್ಪಿನಲ್ಲೇ ಬಂತು. ಕುಡಿದ. ಮನಸ್ಸು ಕರಗಲಿಲ್ಲ.

ಅನುಮಾನ ಬರುವ ದಾರಿಗಳನ್ನೆಲ್ಲ ಅವನು ಒಂದೊಂದಾಗಿ ಮುಚ್ಚಿದ್ದ. ನಂಜಾದರೆ ಸಕ್ಕರೆ ಕಾಯಿಲೆಯವರಿಗೆ ಇದೆಲ್ಲ ಆಗುವಂಥದ್ದೇ ಎನ್ನುತ್ತಾರೆ. ಮಾರ್ಚಿ ತಿಂಗಳ ಸೆಕೆ, ಬೆವರು. ಡ್ರೆಸ್ಸಿಂಗಿಗೆ ಮುಂಚೆ ಸುಮಿತ್ರಮ್ಮನ ಕಣ್ಣೆದುರೇ ಮೊಳಕೈವರೆಗೆ ತೊಳೆದುಕೊಳ್ಳುತ್ತಿದ್ದ. ಗಾಯ ಹೇಗಿತ್ತು, ಎಷ್ಟು ಹೊತ್ತಿಗೆ ಕಟ್ಟಿದ್ದು ಎಲ್ಲವನ್ನೂ ನೋಟುಬುಕ್ಕಿನಲ್ಲಿ ದುಂಡಗೆ ಬರೆದಿಡುತ್ತಿದ್ದ. ಡಾಕ್ಟರು ಸತ್ತ ಮೇಲೆ ಯಾರೇ ತೆಗೆದು ನೋಡಿದರೂ ಇಷ್ಟು ನಿಯತ್ತಿನ ಕಾಂಪೌಂಡರು ಇನ್ನೊಬ್ಬನಿಲ್ಲ ಅನ್ನಬೇಕು. ನಾಲ್ಕನೇ ದಿನ ಮುತ್ತಿನಕೊಪ್ಪದಲ್ಲಿ ತಂಗಿಯ ಮಗಳ ಮದುವೆಗೂ ಧೈರ್ಯವಾಗಿ ಹೋಗಿಬಂದ. ಎಂಟನೇ ದಿನ ನೋಡಿದರೆ ಕಂದು ಬಾಟಲಿಯನ್ನು ಸುಮಿತ್ರಮ್ಮ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ್ದರು. ಇಪ್ಪತ್ತೊಂದೂ ಒಳಗೆ ಹೋಯಿತು ಎಂದುಕೊಂಡ.

ಇನ್ನು ಕಾಯುವುದಷ್ಟೇ. ದಿನಾ ಪ್ಲಾಸ್ಟರು ಬಿಚ್ಚುವಾಗ ಅಂಚು ಕೆಂಪಾಗಿದೆಯೋ, ಊತ ಇದೆಯೋ, ಬೆರಳಿಟ್ಟರೆ ಬಿಸಿ ಹತ್ತುತ್ತದೋ ಎಂದು ನೋಡುತ್ತಿದ್ದ. ಒಂಬತ್ತನೇ ದಿನ ಗಾಯ ಒಣಗಿತ್ತು. ಹತ್ತನೇ ದಿನ ಇನ್ನಷ್ಟು ಒಣಗಿತ್ತು.

"ಹೇಗಿದೆಯೋ?"

"ಚೆನ್ನಾಗಿದೆ ಸಾರ್" ಎಂದ ಮಂಜಪ್ಪ. ಜೀವಮಾನದಲ್ಲಿ ಅಷ್ಟು ಕಹಿಯಾದ ಸತ್ಯವನ್ನು ಅವನು ಆಡಿರಲಿಲ್ಲ. ಒಳಗೆ ಹುದುಗಿರುವುದು ಹೊರಗೆ ಕಾಣಲು ತಿಂಗಳೇ ಹಿಡಿಯಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಡಾಕ್ಟರು ಮಾತ್ರ ಎಂಟನೇ ದಿನದಿಂದಲೇ ಅರ್ಧ ದಿನ ಕ್ಲಿನಿಕ್ಕಿಗೆ ಬಂದು ಕೂರತೊಡಗಿದ್ದರು.

ಹದಿಮೂರನೇ ದಿನ ಬೆಳಿಗ್ಗೆ ಎಸ್ಟೇಟಿನ ಜೀಪು ಕ್ಲಿನಿಕ್ಕಿನ ಎದುರು ಬಂದು ನಿಂತಿತು. ಡ್ರೈವರ್ ಕರಿಯಣ್ಣ ಇಳಿದ, ಹಿಂದಿನಿಂದ ಒಬ್ಬ ಪೊಲೀಸು. ಐದು ದಿನದ ಹಿಂದೆ ಕರಿಯಣ್ಣನ ಹೆಂಡತಿ ಕಲ್ಲಮ್ಮ ಬಂದಿದ್ದಳು, ಹಸಿ ಬಾಣಂತಿ, ಜ್ವರದಿಂದ ನಡುಗುತ್ತ. ಡಾಕ್ಟರು ಚೀಟಿ ಗೀಚಿದ್ದರು. ಉಳ್ಳವರಿಗೆ ಅಂಗಡಿಯ ಸ್ಟ್ರಿಪ್ಪು, ಎಸ್ಟೇಟಿನ ಲೈನ್‌ಮನೆಯ ಕೆಲಸಗಾರರಿಗೆ ಡಬ್ಬಿಯ ಮಾಲು ಎಂಬುದು ಅಲ್ಲಿನ ರೂಢಿ. ಮಂಜಪ್ಪ ಡಬ್ಬಿಯ ಮೇಲಿನಿಂದ ಹದಿನೈದು ಎಣಿಸಿ, ಪೊಟ್ಟಣ ಕಟ್ಟಿ, ಮೇಲೆ ದುಂಡಗೆ 'ದಿನಕ್ಕೆ ಮೂರು' ಎಂದು ಬರೆದುಕೊಟ್ಟಿದ್ದ.

"ನಿನ್ನೆ ಹೋಗ್ಬಿಟ್ಳು" ಎಂದ ಕರಿಯಣ್ಣ. ಕಿರುಚಲಿಲ್ಲ. ಆ ಪೊಟ್ಟಣವನ್ನು ಮೇಜಿನ ಮೇಲಿಟ್ಟ. "ನುಂಗಕ್ಕಾಗ್ದೆ ಒದ್ದಾಡ್ತಿದ್ಳು. ಜೇನಲ್ಲಿ ಕಲಸಿ ಕೊಡೋಣ ಅಂತ ಬಿಚ್ಚಿದ್ರೆ ಅಕ್ಕಿಹಿಟ್ಟು. ಕೊಪ್ಪದ ಡಾಕ್ಟ್ರೂ ನೋಡಿದ್ರು. ಉಳಿದವೂ ಅಷ್ಟೇ. ಈ ಅಕ್ಷರ ಯಾರದ್ದು?"

ಜನ ಸೇರತೊಡಗಿದ್ದರು. ಮಂಜಪ್ಪ ಪೊಟ್ಟಣ ಬಿಚ್ಚಿ ನೋಡಿದ. ಹೇಗೆ? ಅವನು ತುಂಬಿದ್ದು ಇಪ್ಪತ್ತೊಂದೇ. ಡಬ್ಬಿಯಲ್ಲಿ ಉಳಿದದ್ದನ್ನು ಅವನು ಬಿಚ್ಚಿರಲಿಲ್ಲ, ದೇವರಾಣೆಗೂ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಡಾಕ್ಟರು ಒಳಗಿನಿಂದ ಮೆಲ್ಲಗೆ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಅವನನ್ನು ಹೊರಗೆ ಕರೆತಂದು, ಹಿಂದೆ ಬೂತಪ್ಪ ಅವನಿಗೆ ಹೊಡೆದಿದ್ದ ಅದೇ ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ, "ಮಂಜಪ್ಪನ ಕೈಯಲ್ಲಿ ತಪ್ಪಾಗೋದಿಲ್ಲ. ಆಗಲೂ ಆಗಿರಲಿಲ್ಲ. ಅವತ್ತಿನ ತಪ್ಪು ನಂದು" ಎಂದರು.

ಆಮೇಲೆ ಪೊಲೀಸಿನವನ ಕಡೆ ತಿರುಗಿದರು. "ಡಬ್ಬಿ ಸೀಲ್ ಮಾಡಿ, ಪರೀಕ್ಷೆ ಆಗ್ಲಿ. ಆದ್ರೆ ಒಂದು ಮಾತು, ಇದು ಇವನಿಗೂ ಗೊತ್ತಿಲ್ಲ. ನಂಗೆ ಅಂತ ಇವನು ಇಪ್ಪತ್ತೊಂದು ಎಣಿಸಿ ಬಾಟಲಿಗೆ ಹಾಕಿಕೊಟ್ಟಿದ್ದ. ನಾನು ಒಂದೂ ನುಂಗಿಲ್ಲ. ಎದೆ ಕೊಯ್ಯೋ ಮೊದಲೇ ಒಂದು ಇಂಜೆಕ್ಷನ್ ಕೊಟ್ಟಾಗಿದೆ, ನಂಜು ತಡೆಯೋಕೆ ಅದೇ ಮುಖ್ಯ, ಆಮೇಲೆ ವಾರಗಟ್ಟಲೆ ಕ್ಯಾಪ್ಸೂಲು ನುಂಗೋದು ಹಳೇ ಅಭ್ಯಾಸ ಅಂತ ಮಂಗಳೂರಿನ ಡಾಕ್ಟರು ಫೋನಲ್ಲಿ ನಂಗೇ ಪಾಠ ಹೇಳಿದ್ರು. ಇಷ್ಟು ವರ್ಷದ ಮೇಲೆ ನಂಗಿದು ಗೊತ್ತಿರ್ಲಿಲ್ಲ ಅಂತ ಇವನೆದುರು ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು. ಇವನು ಮದುವೆಗೆ ಹೋದ ದಿನ ಬಾಟಲಿಯದ್ದನ್ನೆಲ್ಲ ನಾನೇ ಡಬ್ಬಿಗೆ ವಾಪಸ್ ಸುರಿದೆ."